ಬಯೋಮೆಡಿಕಲ್ ಸೀಟು ತುಂಬಿದ್ರೆ ಸಾಕಾ, ಪಾಠ ಮಾಡೋರು ಯಾರು?

ಮಾನ್ಯ ಸಂಪಾದಕರೇ,

ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳು ಯಾವ ಬ್ರಾಂಚ್ ತಗೊಂಡ್ರೆ ಒಳ್ಳೇದು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬಯೋಮೆಡಿಕಲ್ ಇಂಜಿನಿಯರಿಂಗು (ಆಸ್ಪತ್ರೆ ಮಷೀನುಗಳ ವಿದ್ಯೆ), ಹೆಲ್ತ್ ಇನ್‌ಫರ್ಮ್ಯಾಟಿಕ್ಸು (ರೋಗಿಗಳ ದಾಖಲೆಗಳನ್ನ ಕಂಪ್ಯೂಟರಲ್ಲಿ ನೋಡ್ಕೊಳ್ಳೋ ವಿದ್ಯೆ) ಇವೆರಡಕ್ಕೂ ಮುಂದೆ ಒಳ್ಳೆ ಡಿಮ್ಯಾಂಡ್ ಇದೆ ಅಂತ ಬರೆದಿದ್ದೀರಿ, ನಿಜಾನೇ. ಆದ್ರೆ ಅಲ್ಲಿ ಪಾಠ ಮಾಡೋರು ಯಾರು, ಅವರನ್ನ ಯಾವ ಲೆಕ್ಕದಲ್ಲಿ ಕೆಲಸಕ್ಕೆ ತಗೋತಾರೆ ಅನ್ನೋದನ್ನ ಯಾರೂ ಕೇಳೋದೇ ಇಲ್ಲ. ನಾನು ಮುಂಬೈಯ ಒಂದು ದೊಡ್ಡ ಆಸ್ಪತ್ರೆಯ ಬಯೋಮೆಡಿಕಲ್ ಡಿಪಾರ್ಟ್‌ಮೆಂಟಲ್ಲಿ ಬಹಳ ವರ್ಷದಿಂದ ಇರೋನು, ಪ್ರತಿ ಬೇಸಿಗೆಗೆ ಕಾಲೇಜುಗಳಿಂದ ಇಂಟರ್ನ್‌ಗಳು ನಮ್ಮ ಹತ್ರ ಬರ್ತಾರೆ, ಅವರನ್ನ ನೋಡಿ ನೋಡಿ ಇದನ್ನ ಬರೀಲೇಬೇಕು ಅನ್ನಿಸ್ತು.

ಕಳೆದ ಬೇಸಿಗೇಲಿ ಒಬ್ಬಳು ಹುಡುಗಿ ಬಂದಿದ್ಲು, ಫೈನಲ್ ಇಯರ್, ಮಾರ್ಕ್ಸ್ ತುಂಬಾ ಚೆನ್ನಾಗಿದೆ. ಅವತ್ತು ಐಸಿಯುಯಿಂದ ಒಂದು ವೆಂಟಿಲೇಟರ್ ನಮ್ಮ ವರ್ಕ್‌ಶಾಪಿಗೆ ಬಂದಿತ್ತು, ಆಕ್ಸಿಜನ್ 60 ಪರ್ಸೆಂಟ್ ಸೆಟ್ ಮಾಡಿದ್ರೆ ಸ್ಕ್ರೀನ್ ಮೇಲೆ 48 ತೋರಿಸ್ತಿದೆ, ಅಲಾರ್ಮ್ ನಿಲ್ತಾನೇ ಇಲ್ಲ. ಒಂದು ಉಸಿರಿಗೆ ಎಷ್ಟು ಗಾಳಿ ಅನ್ನೋ ಟೈಡಲ್ ವಾಲ್ಯೂಮ್, ಶ್ವಾಸಕೋಶ ಎಷ್ಟು ಸುಲಭವಾಗಿ ಹಿಗ್ಗುತ್ತೆ ಅನ್ನೋ ಕಂಪ್ಲಯನ್ಸ್, ಎಲ್ಲದರ ಫಾರ್ಮುಲಾ ಆ ಹುಡುಗಿ ಪಟಪಟ ಹೇಳಿದ್ಲು. ಆದ್ರೆ ಆಕ್ಸಿಜನ್ ಸೆನ್ಸರ್ ಎಲ್ಲಿದೆ ಅಂತ ಕೇಳಿದ್ರೆ ಗೊತ್ತಿಲ್ಲ. ಆ ಮಾಡೆಲಲ್ಲಿ ಇರೋದು ಒಂದು ಪುಟ್ಟ ಸೆಲ್, ಒಳಗೆ ಸೀಸ ಇರುತ್ತೆ, ಆಕ್ಸಿಜನ್ ತಾಗ್ತಾ ತಾಗ್ತಾ ಆ ಸೀಸ ಖರ್ಚಾಗುತ್ತೆ, ಒಂದಿನ ರೀಡಿಂಗ್ ಬೀಳೋಕೆ ಶುರು ಆಗುತ್ತೆ. ನಾನು ಪ್ಯಾನೆಲ್ ಬಿಚ್ಚಿ ಹಳೇ ಸೆಲ್ ಅವಳ ಕೈಗೆ ಕೊಟ್ಟೆ, ಹೊಸದನ್ನ ಅವಳೇ ಹಾಕಿದ್ಲು, ರೂಮಿನ ಗಾಳೀಲಿ 21, ಶುದ್ಧ ಆಕ್ಸಿಜನಲ್ಲಿ 100 ಅಂತ ಎರಡು ಪಾಯಿಂಟ್ ಕ್ಯಾಲಿಬ್ರೇಟ್ ಮಾಡಿ ಮತ್ತೆ 60 ಇಟ್ಟಾಗ ಸರಿಯಾಗಿ 60 ಬಂತು. "ಸರ್, ಇದನ್ನ ನಮಗೆ ನಾಲ್ಕು ವರ್ಷದಲ್ಲಿ ಯಾರೂ ತೋರಿಸ್ಲೇ ಇಲ್ಲ" ಅಂದ್ಲು. ವಿಚಾರಿಸಿದ್ರೆ ಆ ಸಬ್ಜೆಕ್ಟ್ ಹೇಳಿಕೊಡೋ ಮೇಷ್ಟ್ರು ಎಲೆಕ್ಟ್ರಾನಿಕ್ಸಲ್ಲಿ ಎಂಇ ಮಾಡಿದೋರು, ಅವರೂ ವೆಂಟಿಲೇಟರ್ ಒಳಗೆ ಯಾವತ್ತೂ ನೋಡಿಲ್ಲ. ಅವರನ್ನ ತಗೊಂಡಿದ್ದು ಸಿಎಚ್‌ಬಿ ಮೇಲೆ, ಅಂದ್ರೆ ಎಷ್ಟು ಗಂಟೆ ಪಾಠ ಮಾಡಿದ್ರೋ ಅಷ್ಟಕ್ಕೇ ದುಡ್ಡು, ಯುನಿವರ್ಸಿಟಿ ಕಮಿಟಿ ಇನ್‌ಸ್ಪೆಕ್ಷನ್‌ಗೆ ಬರೋ ಮುಂಚೆ ಟೀಚರ್‌ಗಳ ಲೆಕ್ಕ ತುಂಬಿಸೋಕೆ. ಅವರ ಮೇಲೆ ನನಗೆ ಕೋಪ ಇಲ್ಲ, ಇನ್ನೊಂದು ಕಾಲೇಜಿಗೂ ಓಡಿ ಪಾಠ ಮಾಡಿ ಮನೆ ನಡೆಸೋ ಮನುಷ್ಯ ಆಸ್ಪತ್ರೆಗೆ ಬಂದು ಕಲಿಯೋದಾದ್ರೂ ಯಾವಾಗ.

ಇಂಜಿನಿಯರಿಂಗ್ ಕಾಲೇಜುಗಳಿಗೆ ರೂಲ್ಸ್ ಮಾಡೋ ಎಐಸಿಟಿಇ ಪ್ರಕಾರ 20 ಮಕ್ಕಳಿಗೆ ಒಬ್ಬರು ಟೀಚರ್ ಇರ್ಬೇಕು, ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಬಿಇ, ಎಂಇ ಎರಡೂ 'ಸಂಬಂಧಪಟ್ಟ ಬ್ರಾಂಚಲ್ಲಿ' ಆಗಿರ್ಬೇಕು, ಮೂಲ ಸಂಬಳ 57,700 ರೂಪಾಯಿಯಿಂದ ಶುರು. ಪೇಪರ್ ಮೇಲೆ ಇದೆಲ್ಲ ಸರಿ. ಆದ್ರೆ ನಮ್ಮಂಥ ಆಸ್ಪತ್ರೆಗಳಲ್ಲಿ ಹೃದಯದ ರಕ್ತನಾಳ ಪರೀಕ್ಷೆ ಮಾಡೋ ಕ್ಯಾಥ್ ಲ್ಯಾಬ್, ಎಂಆರ್‌ಐ, ಡಯಾಲಿಸಿಸ್ ಮಷೀನ್ ನೋಡ್ಕೊಂಡು ತಲೆ ಬೆಳ್ಳಗಾದ ಇಂಜಿನಿಯರ್ ಪಾಠ ಮಾಡೋಕೆ ಹೋಗ್ತೀನಿ ಅಂದ್ರೆ ಏನಾಗುತ್ತೆ ನೋಡಿ. ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ಪಿಎಚ್‌ಡಿ ಬೇಕು, ಎಂಟು ವರ್ಷದ ಅನುಭವದಲ್ಲಿ ಎರಡು ವರ್ಷ ಪಿಎಚ್‌ಡಿ ಆದ ಮೇಲಿಂದು ಆಗಿರ್ಬೇಕು, ಪೇಪರ್ ಪಬ್ಲಿಶ್ ಆಗಿರ್ಬೇಕು. ಪಿಎಚ್‌ಡಿ ಇಲ್ದಿದ್ರೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಹೊಸ ಹುಡುಗರ ಜೊತೆ ಕೆಳಗಿನ ಪೋಸ್ಟಿಂದಾನೇ ಶುರು ಮಾಡ್ಬೇಕು. ಯಾರು ಹೋಗ್ತಾರೆ ಹೇಳಿ.

ಹೆಲ್ತ್ ಇನ್‌ಫರ್ಮ್ಯಾಟಿಕ್ಸ್ ಕಥೆ ಇನ್ನೂ ಕಷ್ಟ. ಆ ವಿಷಯ ಗೊತ್ತಿರೋ ಡಾಕ್ಟರ್‌ನ ಇಂಜಿನಿಯರಿಂಗ್ ಕಾಲೇಜಿಗೆ ತಗೊಳ್ಳೋಣ ಅಂದ್ರೆ ಬಿಇ ಇಲ್ಲ, ಕಂಪ್ಯೂಟರ್ ಇಂಜಿನಿಯರ್‌ನ ಮೆಡಿಕಲ್ ಕಾಲೇಜಿಗೆ ತಗೊಳ್ಳೋಣ ಅಂದ್ರೆ ಅವರನ್ನ ಕೂರಿಸೋ ಡಿಪಾರ್ಟ್‌ಮೆಂಟೇ ಬಹುತೇಕ ಕಡೆ ಇಲ್ಲ. ಇದು ಸಣ್ಣ ವಿಷಯ ಅಂತ ಅನ್ನಿಸ್ಬಹುದು, ಆದ್ರೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಮ್ಮ ಊರ ಕಡೆಯ ಒಬ್ಬರು ಅಜ್ಜಿ, ರಿಜಿಸ್ಟ್ರೇಷನ್ ಕೌಂಟರಲ್ಲಿ ಒಂದ್ಸಲ ಅವರ ಸರ್‌ನೇಮ್ ಪೂಜಾರ್ತಿ ಅಂತ ಎಂಟ್ರಿ ಆಗಿದೆ, ಇನ್ನೊಂದ್ಸಲ ಮಗ ಕರ್ಕೊಂಡು ಬಂದಾಗ ಪೂಜಾರಿ ಅಂತ, ಹೀಗೆ ಒಬ್ಬರಿಗೇ ಎರಡು ನಂಬರ್ ಆಗಿಬಿಡ್ತು. ಚಿತ್ರ ಸ್ಪಷ್ಟವಾಗಿ ಕಾಣೋಕೆ ಕಾಂಟ್ರಾಸ್ಟ್ ಅನ್ನೋ ದ್ರವ ಹಾಕಿ ಸಿಟಿ ಸ್ಕ್ಯಾನ್ ಮಾಡೋ ಮುಂಚೆ ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ಕ್ರಿಯಾಟಿನಿನ್ ನೋಡ್ಬೇಕು, ಆ ರಿಪೋರ್ಟ್ ಇರೋದು ಹಳೇ ನಂಬರಲ್ಲಿ, ಡಾಕ್ಟರ್ ಓಪನ್ ಮಾಡಿರೋದು ಹೊಸ ನಂಬರು, ಅಲ್ಲಿ ಏನೂ ಇಲ್ಲ. ಒಬ್ಬ ಟೆಕ್ನಿಷಿಯನ್‌ಗೆ ಅಜ್ಜಿಯ ಮುಖ ನೆನಪಿತ್ತು, ಹಳೇ ಫೈಲ್ ಹುಡುಕಿ ತಂದ, ಅಷ್ಟಕ್ಕೆ ಬಚಾವು. ಈ ತಪ್ಪು ಹೇಗೆ ಹುಟ್ಟುತ್ತೆ, ಎರಡು ರೆಕಾರ್ಡನ್ನ ಸೇಫಾಗಿ ಒಂದು ಮಾಡೋದು ಹೇಗೆ ಅನ್ನೋದೇ ಈ ಸಬ್ಜೆಕ್ಟಿನ ಜೀವ, ಇದನ್ನ ಪಿಪಿಟಿ ಓದಿ ಕಲಿಸೋಕಾಗಲ್ಲ. 2021ರ ಸೆಪ್ಟೆಂಬರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರು ಆಯ್ತು, ಆರೋಗ್ಯ ದಾಖಲೆಗಳನ್ನ ಜೋಡಿಸೋ 14 ಅಂಕಿಯ ಆಭಾ ನಂಬರ್ ಮಾಡಿಸ್ಕೊಳ್ಳಿ ಅಂತ ಎಲ್ಲಾ ಕಡೆ ಹೇಳ್ತಿದ್ದಾರೆ, ಇದನ್ನೆಲ್ಲ ನಡೆಸೋ ಹುಡುಗರನ್ನ ತಯಾರು ಮಾಡೋ ಮೇಷ್ಟ್ರುಗಳು ಬೇಡ್ವಾ?

ಬೇರೆ ದಾರಿ ಇಲ್ಲ ಅಂತೇನಿಲ್ಲ. ದೆಹಲಿಯಲ್ಲಿ ಐಐಟಿ ಮತ್ತು ಏಮ್ಸ್ ಸೇರಿ 1971ರಲ್ಲೇ ಬಯೋಮೆಡಿಕಲ್ ಇಂಜಿನಿಯರಿಂಗ್ ಸೆಂಟರ್ ಶುರು ಮಾಡಿದ್ವು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಆಸ್ಪತ್ರೆ, ಇಂಜಿನಿಯರ್‌ಗಳ ಲ್ಯಾಬ್ ಎರಡೂ ಒಂದೇ ಸಂಸ್ಥೆಯ ಕೆಳಗೆ. ಸರ್ಜನ್ ವಲಿಯತ್ತಾನ್ ಮತ್ತು ಅವರ ಇಂಜಿನಿಯರ್‌ಗಳು ವರ್ಷಗಟ್ಟಲೆ ಜೊತೆಗೆ ಕೂತು, ಎಷ್ಟೋ ಮಾಡೆಲ್ ಫೇಲ್ ಆದ ಮೇಲೆ ನಮ್ಮ ದೇಶದ್ದೇ ಹಾರ್ಟ್ ವಾಲ್ವ್ ಮಾಡಿದ್ರು, 1990ರ ಡಿಸೆಂಬರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ರು, ಇವತ್ತಿಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಕೆಲಸ ಮಾಡಿದೆ. ಅದೇ ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ವೈಸ್ ಚಾನ್ಸಲರ್ ಆಗಿ ಬಂದ್ರು, ಕರಾವಳಿಯವರಿಗೆ ಇದು ಗೊತ್ತಿರೋದೇ.

ನಮ್ಮ ಮುಂಬೈ-ಪುಣೆ ಕಡೆಯೂ ಏನೂ ಕಮ್ಮಿ ಇಲ್ಲ. ಪವಾಯಿಯ ಐಐಟಿಯಲ್ಲಿ ಡಾಕ್ಟರುಗಳ ತೊಂದರೆ ಕೇಳಿ ಉಪಕರಣ ಮಾಡೋ ಬೆಟಿಕ್ ಅನ್ನೋ ಸೆಂಟರ್ ಇದೆ, ಡಿಜಿಟಲ್ ಹೆಲ್ತಿಗೆ ಕೋಯ್ಟಾ ಸೆಂಟರ್ ಇದೆ. ಪುಣೆಯಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕಲ್ಲಿ ಇಡೀ ದೇಶದ ಆರೋಗ್ಯ ದಾಖಲೆಗಳ ಸ್ಟ್ಯಾಂಡರ್ಡ್ ನೋಡ್ಕೊಳ್ಳೋ ರಾಷ್ಟ್ರೀಯ ಕೇಂದ್ರಾನೇ ಇದೆ, ಪರೇಲಲ್ಲಿ ಕೆಇಎಂ, ಟಾಟಾ ಮೆಮೋರಿಯಲ್ ಆಸ್ಪತ್ರೆಗಳು ಹತ್ತಿರ ಹತ್ತಿರ ನಿಂತಿವೆ. ಇಷ್ಟೆಲ್ಲ ಒಂದು ರೈಲು ಪ್ರಯಾಣದ ದೂರದಲ್ಲಿ ಇಟ್ಕೊಂಡು ಮಾಮೂಲಿ ಕಾಲೇಜುಗಳ ಮಕ್ಕಳು ಪ್ರೊಜೆಕ್ಟರ್ ಮೇಲೆ ಇಸಿಜಿ ಮಷೀನ್ ಫೋಟೋ ನೋಡ್ಕೊಂಡು ಪಾಸಾಗ್ತಿದ್ದಾರೆ ಅನ್ನೋದೇ ನನ್ನ ಸಂಕಟ.

ರೂಲ್ಸ್ ಬದಲಾಗೋವರೆಗೂ ಕಾಯ್ಬೇಕಾಗಿಲ್ಲ. ಯುನಿವರ್ಸಿಟಿಗಳಿಗೆ ರೂಲ್ಸ್ ಮಾಡೋ ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರ್ಯಾಕ್ಟೀಸ್ ಅಂತ ಒಂದು ದಾರಿ ತೆರೆದಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಕೆಲಸ ಮಾಡಿದವರನ್ನ ಪಿಎಚ್‌ಡಿ ಇಲ್ದೇನೂ ತಗೋಬಹುದು, ಮಂಜೂರಾದ ಪೋಸ್ಟುಗಳ ಶೇಕಡ 10ರವರೆಗೆ. ಅದು ಮೂರು ವರ್ಷ, ಹೆಚ್ಚೆಂದ್ರೆ ನಾಲ್ಕು ವರ್ಷದ ಕೆಲಸ, ಪರ್ಮನೆಂಟ್ ಟೀಚರ್‌ಗಳ ಜಾಗಕ್ಕೆ ಅದು ಬರೋದಿಲ್ಲ, ಬರಲೂಬಾರದು. ಆದ್ರೆ ಡಿಪಾರ್ಟ್‌ಮೆಂಟಿಗೆ ಒಬ್ಬರಾದ್ರೂ ಮಷೀನ್ ಬಿಚ್ಚಿ ಗೊತ್ತಿರೋರು ಬಂದ್ರೆ ಮಕ್ಕಳ ಜೊತೆ ಅಲ್ಲಿನ ಕಿರಿಯ ಮೇಷ್ಟ್ರುಗಳೂ ಕಲೀತಾರೆ. ಪರ್ಮನೆಂಟ್ ಪೋಸ್ಟಿಗೆ ತಗೊಳ್ಳೋವಾಗ ಇಂಟರ್‌ವ್ಯೂನಲ್ಲಿ ಪಬ್ಲಿಕೇಷನ್ ಎಣಿಸೋದ್ರ ಜೊತೆ ಅಭ್ಯರ್ಥೀನ ಲ್ಯಾಬಿಗೆ ಕರ್ಕೊಂಡು ಹೋಗಿ ಒಂದು ಇನ್‌ಫ್ಯೂಷನ್ ಪಂಪ್ (ಡ್ರಿಪ್ಪಲ್ಲಿ ಔಷಧಿ ಲೆಕ್ಕವಾಗಿ ಬಿಡೋ ಮಷೀನ್) ಮುಂದೆ ಇಟ್ಟು ಮಕ್ಕಳಿಗೆ ಪಾಠ ಮಾಡಿ ಅಂತ ಹೇಳಲಿ, ಆಮೇಲೆ ವಾರಕ್ಕೆ ಒಂದು ದಿನ ಆಸ್ಪತ್ರೇಲಿ ಡ್ಯೂಟಿ ಅಂತ ಅಪಾಯಿಂಟ್‌ಮೆಂಟ್ ಲೆಟರಲ್ಲೇ ಬರೀಲಿ. ಮತ್ತೆ ದಯವಿಟ್ಟು ಪೂರ್ತಿ ಸಂಬಳ ಕೊಡ್ಲಿ, ಗಂಟೆ ಲೆಕ್ಕದ ದುಡ್ಡಲ್ಲಿ ಒಳ್ಳೆ ಮೇಷ್ಟ್ರು ಉಳಿಯೋದಿಲ್ಲ.

ಮುಂಬೈ, ಪುಣೆಯ ಎಷ್ಟೋ ಕಾಲೇಜುಗಳ ಮ್ಯಾನೇಜ್‌ಮೆಂಟಲ್ಲಿ ನಮ್ಮ ಕನ್ನಡಿಗರು, ತುಳುವರು ಇದ್ದಾರೆ, ನಿಮ್ಮ ಪತ್ರಿಕೆ ದಿನಾ ಓದೋರು. ಮುಂದಿನ ಫ್ಯಾಕಲ್ಟಿ ಜಾಹೀರಾತು ಹಾಕೋ ಮುಂಚೆ ಹತ್ತಿರದ ಆಸ್ಪತ್ರೆಯ ಬಯೋಮೆಡಿಕಲ್ ಡಿಪಾರ್ಟ್‌ಮೆಂಟಿಗೆ ಒಂದು ಫೋನ್ ಮಾಡಿ ಅಂತ ಅವರನ್ನ ಕೇಳ್ಕೋತೀನಿ, ಪಾಠ ಮಾಡೋಕೆ ಆಸೆ ಇರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀವಿ. ತಂದೆ ತಾಯಂದಿರು ಅಡ್ಮಿಷನ್ನಿನ ಕ್ಯಾಪ್ ರೌಂಡಲ್ಲಿ ಆಪ್ಷನ್ ಫಾರ್ಮ್ ತುಂಬೋ ಮುಂಚೆ ಕಾಲೇಜಿಗೆ ಹೋಗಿ ಲ್ಯಾಬ್ ತೆರೆಸಿ ನೋಡಿ, ಟೀಚರ್‌ಗಳಲ್ಲಿ ಎಷ್ಟು ಜನ ಪರ್ಮನೆಂಟು, ಎಷ್ಟು ಜನ ಸಿಎಚ್‌ಬಿ, ಯಾವ ಆಸ್ಪತ್ರೆ ಜೊತೆ ಒಪ್ಪಂದ ಇದೆ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ.

ಇಂತಿ,
ಆಸ್ಪತ್ರೆಯ ಒಬ್ಬ ಇಂಜಿನಿಯರ್, ಡೊಂಬಿವಲಿ