ಜಪಾನೀಸ್ ಮೂಲದಲ್ಲೇ ಓದಲು ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ಅನುವಾದಕ್ಕೆ ಕಾಯದೆ ಫ್ಯಾಂಟಸಿ ಲೈಟ್ ನಾವೆಲ್ (ಹೆಚ್ಚಾಗಿ ಹದಿಹರೆಯದವರಿಗೆ ಬರೆಯುವ, ನಡುವೆ ಚಿತ್ರಗಳಿರುವ ಜಪಾನೀಸ್ ಕಾದಂಬರಿ) ಓದುವುದು ಹೇಗೆ ಅಂತ ಹಲವರು ಕೇಳುತ್ತಿದ್ದೀರಿ. ಮೊದಲು ಶೋನೆನ್ ಮಾಂಗಾ, ಅಂದರೆ ಹುಡುಗರಿಗಾಗಿ ಬರುವ ಜಪಾನೀಸ್ ಕಾಮಿಕ್ಸ್, ಹಿಡಿಯಿರಿ. ಅದರಲ್ಲಿ ಸಾಮಾನ್ಯವಾಗಿ ಎಲ್ಲ ಕಾಂಜಿಗಳ (ಚೀನೀ ಮೂಲದ ಅಕ್ಷರಗಳ) ಪಕ್ಕದಲ್ಲೂ ಫುರಿಗಾನಾ, ಅಂದರೆ ಉಚ್ಚಾರ, ಸಣ್ಣಕ್ಷರದಲ್ಲಿ ಇರುತ್ತದೆ. ಲೈಟ್ ನಾವೆಲ್‌ನಲ್ಲಿ ಹೆಚ್ಚಾಗಿ ಕಷ್ಟದ ಪದಗಳಿಗೆ ಮಾತ್ರ. ಫ್ಯಾಂಟಸಿಯಲ್ಲಿ ಇನ್ನೊಂದು ತರಲೆ: ಮಂತ್ರದ ಹೆಸರು ಕಾಂಜಿಯಲ್ಲಿ ಒಂದು, ಪಕ್ಕದ ಕಟಕಾನಾದಲ್ಲಿ (ಉಚ್ಚಾರ ಬರೆಯುವ ಇನ್ನೊಂದು ಲಿಪಿ) ಮತ್ತೊಂದು. ಎರಡನ್ನೂ ಓದಿ, ಮಜಾ ಇರುವುದೇ ಅಲ್ಲಿ.

ದುಡ್ಡು ಹಾಕುವ ಮುಂಚೆ ‘ಶೋಸೆತ್ಸುಕಾ ನಿ ನರೋ’ ನೋಡಿ. ಯಾರು ಬೇಕಾದರೂ ತಮ್ಮ ಕತೆ ಹಾಕಬಹುದಾದ, 2004ರಿಂದ ಇರುವ ಜಪಾನೀಸ್ ತಾಣ, ಓದಲು ಪುಕ್ಕಟೆ. ಎಷ್ಟೋ ಇಸೆಕಾಯ್ (ಬೇರೆ ಲೋಕಕ್ಕೆ ಹೋಗಿಬಿಡುವವರ) ಕತೆಗಳು ಇಲ್ಲಿಂದಲೇ ಪುಸ್ತಕವಾದವು. ಬ್ರೌಸರ್‌ಗೆ ಯೋಮಿತಾನ್ ಅನ್ನುವ ಎಕ್ಸ್‌ಟೆನ್ಷನ್, ಅದರೊಳಗೆ ಒಂದು ನಿಘಂಟು ಹಾಕಿಕೊಂಡರೆ ಪದದ ಅರ್ಥ ಅಲ್ಲೇ ಕಾಣುತ್ತದೆ. ಪ್ರತಿ ಪದಕ್ಕೂ ನೋಡುತ್ತಾ ಕೂರಬೇಡಿ, ಕತೆ ಮುಂದೆ ಹೋಗುವುದೇ ಇಲ್ಲ.

ಕದ್ದ ಸ್ಕ್ಯಾನ್, ಪಿಡಿಎಫ್ ನಮ್ಮ ಈ ಗುಂಪಿನಲ್ಲಿ ಹಾಕಬೇಡಿ. ಬುಕ್‌ವಾಕರ್ ಜಪಾನ್ ಅನ್ನುವ ಇ-ಪುಸ್ತಕದ ಅಂಗಡಿಯಲ್ಲಿ ಮೊದಲ ಪುಟಗಳು ಸುಮ್ನೆ ಓದಲು ಸಿಗುತ್ತವೆ, ಅದರ ಲಿಂಕ್ ಸಾಕು. ಕತೆಯ ಗುಟ್ಟು ಹೇಳುವುದಿದ್ದರೆ ಸಂಪುಟದ ಸಂಖ್ಯೆ ಮೊದಲೇ ಬರೆಯಿರಿ. ಅರ್ಥವಾಗದ ಸಾಲಿನ ಫೋಟೊ ಹಾಕುವಾಗ ಹಿಂದಿನ ಎರಡು ಸಾಲೂ ಕಾಣಲಿ. ಜಪಾನೀಸ್‌ನಲ್ಲಿ ‘ಯಾರು’ ಅನ್ನುವುದನ್ನೇ ಎಷ್ಟೋ ಸಲ ಬಿಟ್ಟು ಬರೆಯುತ್ತಾರೆ, ಒಂದೇ ಸಾಲು ನೋಡಿ ಹೇಳುವುದು ಕಷ್ಟ ಅಲ್ವಾ?