ಹಿಪ್ಪರಗಾ ಕೆರಿ ಹೆಬ್ಬಾತು ಇಲ್ಲಿ ತತ್ತಿ ಇಡಂಗಿಲ್ರಿ

ಸಂಪಾದಕರಿಗೆ ನಮಸ್ಕಾರ್ರಿ. ಸೋಲಾಪುರದ ಹಿಪ್ಪರಗಾ ಕೆರಿಯೊಳಗ ಇಳಿದ ಪಟ್ಟೆತಲೆ ಹೆಬ್ಬಾತಿನ ಫೋಟೋ ಹಾಕಿದ್ರಿ, ಭಾಳ ಚಂದ ಬಂದೈತಿ, ಆದ್ರ ಕೆಳಗ "ಸಂತಾನೋತ್ಪತ್ತಿಗೆ ಬಂದ ವಿದೇಶಿ ಅತಿಥಿ" ಅಂತ ಬರದಿದ್ದು ತಪ್ಪೈತ್ರಿ. ಇವು ಇಲ್ಲಿ ಒಂದ ತತ್ತಿ ಸೈತ ಇಡಂಗಿಲ್ಲ. ದೀಪಾವಳಿ ಮುಗದ ಮ್ಯಾಲೆ ಬರ್ತಾವ, ಬಿಸಲು ಏರೂದ್ರಾಗ ಹೊಳ್ಳಿ ಹೋಗ್ತಾವ. ಮರಿ ಮಾಡೂದೆಲ್ಲಾ ಲಡಾಖ್, ಟಿಬೆಟ್, ಚೀನಾದ ಚಿಂಗ್‌ಹಾಯ್ ಸರೋವರ, ಮಂಗೋಲಿಯಾ ಕಡೆ.

ಅಲ್ಲಿ ನಡುಗಡ್ಡಿ ಮ್ಯಾಲೆ, ಕೆಸರಿನ ದಂಡಿಗೆ, ನೆಲದಾಗ ತಗ್ಗು ಮಾಡಿ ಎದಿ ಪುಕ್ಕ ಹಾಸಿ ಗೂಡು ಮಾಡ್ತಾವ, ಒಂದರ ಬಾಜೂಕ ಒಂದು, ದೊಡ್ಡ ಗುಂಪಾಗಿ. ಸಾಮಾನ್ಯ 4ರಿಂದ 6 ತತ್ತಿ. ಕಾವಿಗೆ ಕೂಡೂದು ಹೆಣ್ಣು ಒಂದ, ಸುಮಾರು 4 ವಾರ, ಗಂಡು ಬಾಜೂಕ ನಿಂತು ಕಾಯ್ತೈತಿ. ತನ್ನ ತತ್ತಿ ಇನ್ನೊಬ್ಬಾಕಿ ಗೂಡಿನ್ಯಾಗ ಇಟ್ಟು ಸುಮ್ನ ಹೋಗೂ ಶಾಣ್ಯಾಗೋಳೂ ಅದಾವ್ರಿ! ಮರಿ ಹೊರಗ ಬಂದ ಸ್ವಲ್ಪ ಹೊತ್ತಿಗೇ ತಾಯಿ ಹಿಂದ ನೀರಿಗೆ ಇಳೀತಾವ, ಹಾರಾಕ ಮಾತ್ರ ಹೆಚ್ಚುಕಮ್ಮಿ ಎರಡು ತಿಂಗಳು ಬೇಕು, ಅದ ಟೈಮ್‌ನ್ಯಾಗ ಅವ್ವ ಅಪ್ಪನ ರೆಕ್ಕಿ ಗರಿನೂ ಉದುರಿ ಹೊಸಾವು ಬರ್ತಾವ, ಅಂದ್ರ ಒಂದಷ್ಟು ದಿನ ಇಡೀ ಸಂಸಾರಕ್ಕ ಹಾರಾಕ ಬರಂಗಿಲ್ಲ.

ಆಮ್ಯಾಲೆ ಹಿಮಾಲಯ ದಾಟಿ ನಮ್ಮ ಕಡೆ. ಟ್ರ್ಯಾಕರ್ ಕಟ್ಟಿದ ಒಂದು ಬಾತು 7,290 ಮೀಟರ್ ಏರಿದ ರೆಕಾರ್ಡ್ ಐತಿ, ಅವುಗಳ ರಕ್ತನ ತೆಳು ಗಾಳಿಯೊಳಗೂ ಆಕ್ಸಿಜನ್ ಹಿಡಿಯೂ ಹಂಗ ಐತಿ.

ಇಲ್ಲಿ ಅವುಗಳ ಕೆಲಸ ಏನಂದ್ರ ತಿನ್ನೂದು, ಮೈ ಮಾಡ್ಕೊಳ್ಳೂದು. ಹಗಲೆಲ್ಲಾ ನೀರಿನ್ಯಾಗ ರೆಸ್ಟ್, ಸಂಜಿ ಆದ್ರ ಕಡ್ಲಿ, ಗೋಧಿ ಹೊಲ. ರೈತರ ಸಿಟ್ಟು ಸುಳ್ಳಲ್ಲ, ಹೊಲದಾಗಿಂದ ಎಬ್ಬಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆರಿಯೊಳಗ ಕುಂತಿದ್ದನ್ನ ಪಟಾಕಿ ಹಾರಿಸಿ ಎಬ್ಬಿಸೂದು, ರೀಲ್ಸ್ ಸಲುವಾಗಿ ತಲಿ ಮ್ಯಾಲೆ ಡ್ರೋನ್ ಬಿಡೂದು, ಇದ್ಯಾವ ಚಟ? ಅದೂ ಫೆಬ್ರವರಿ ಒಳಗ, ಹೊಂಡೂ ಮುಂಚೆ ಕೊಬ್ಬು ಕೂಡಿಸೂ ಹೊತ್ತಿನ್ಯಾಗ, ಎಬ್ಬಿಸಿದಷ್ಟೂ ತಿಂದಿದ್ದು ಅಲ್ಲೇ ಖರ್ಚಾಗ್ತೈತಿ, ದಾರಿಗೆ ಏನ್ ಉಳೀಬೇಕು? ಕಡೀಪಕ್ಷ ಆ ಒಂದು ತಿಂಗಳರ ಕೆರಿ ಮ್ಯಾಲೆ ಡ್ರೋನ್ ಬಂದ್ ಮಾಡಿಸ್ರಿ ಅಂತ ನಿಮ್ಮ ಪೇಪರ್‌ನ್ಯಾಗ ದಪ್ಪ ಅಕ್ಷರದಾಗ ಬರೀರಿ.

– ಒಬ್ಬ ಓದುಗ, ಅಕ್ಕಲಕೋಟ