ಮೊಲ್ಲಿಗೆ ಕಳೆದುಕೊಳ್ಳೋಕೆ ಏನಿತ್ತು?

ಪ್ರೀತಿಯ ಮಂಜು,

ಫೋನ್ ಇಟ್ಟ ಮೇಲೆ ಉತ್ತರ ಹೊಳೆಯಿತು, ನನ್ನ ಹಣೆಬರಹವೇ ಅಷ್ಟು. ನೀನು ಕನ್ನಡಕ್ಕೆ ತಂದು ಆಡಿಸಹೊರಟ ‘ಮೊಲ್ಲಿ ಸ್ವೀನಿ’ ನಾಟಕದ ಬಗ್ಗೆ ‘ಮೂರು ಜನ ಮೂರು ಕಡೆ ಕೂತು ತಮ್ಮಷ್ಟಕ್ಕೆ ಮಾತಾಡ್ತಾರೆ. ಒಬ್ಬರಿಗೊಬ್ಬರು ಒಂದು ಮಾತೂ ಆಡಲ್ಲ. ಇದಕ್ಕೆ ರಂಗ ಯಾಕೋ, ರೇಡಿಯೋ ಸಾಕು’ ಅಂದೆಯಲ್ಲ, ಅದಕ್ಕೇ ಈ ಪತ್ರ.

ಐರ್ಲೆಂಡಿನ ನಾಟಕಕಾರ ಬ್ರಯನ್ ಫ್ರೀಲ್ ತನ್ನ ಈ ನಾಟಕವನ್ನು 1994ರಲ್ಲಿ ಡಬ್ಲಿನ್‌ನ ಗೇಟ್ ಥಿಯೇಟರ್‌ನಲ್ಲಿ ತಾನೇ ನಿರ್ದೇಶಿಸಿದ. (ಮಾಲಿ ಅಂತ ಬರೆದರೆ ತೋಟದ ಮಾಲಿಯಾಗುತ್ತಾಳೆ, ಮೊಲ್ಲಿಯೇ ಇರಲಿ.) ಮೊಲ್ಲಿ ಹತ್ತು ತಿಂಗಳ ಕೂಸಿದ್ದಾಗ ಕಣ್ಣು ಹೋದವಳು, ಈಗ 41. ಮಸಾಜ್ ಮಾಡುವ ಕೆಲಸವಿದೆ, ಈಜಿದರೆ ಮೈಯೆಲ್ಲ ಖುಷಿ. ಚಿಕ್ಕಂದಿನಲ್ಲಿ ಅಪ್ಪ ತೋಟದ ಹೂಗಳನ್ನು ಮುಟ್ಟಿಸಿ, ಮೂಸಿಸಿ ಹೆಸರು ಕಲಿಸಿದ್ದ. ಅನುವಾದಕ್ಕೆ ಕೂತರೆ ಕನ್ನಡ ನಿನ್ನ ಕೈ ಹಿಡಿಯುತ್ತದೆ ನೋಡು: ನಾವು ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ರುಚಿ ನೋಡುತ್ತೇವೆ. ಮೊಲ್ಲಿ ಅಷ್ಟು ವರ್ಷ ಲೋಕ ನೋಡಿದ್ದು ಹಾಗೆಯೇ.

ಗಂಡ ಫ್ರ್ಯಾಂಕ್‌ಗೆ ದಿನಕ್ಕೊಂದು ಹುಚ್ಚು. ‘ಕಣ್ಣಿನ ಆಪರೇಷನ್ ಮಾಡಿಸಿದರೆ ಅವಳು ಕಳೆದುಕೊಳ್ಳೋಕೆ ಏನಿದೆ’ ಅನ್ನುವುದು ಅವನ ವಾದ. ಕಣ್ಣಿನ ಡಾಕ್ಟರ್ ರೈಸ್ ಒಂದು ಕಾಲಕ್ಕೆ ಹೆಸರುವಾಸಿ. ಹೆಂಡತಿ ಬಿಟ್ಟು ಹೋದ ಮೇಲೆ ವಿಸ್ಕಿಗೆ ಬಿದ್ದವನು, ಈ ಆಪರೇಷನ್ನಿನಿಂದ ಹೋದ ಮಾನ ಮರಳಿ ಬರಬೇಕು ಅನ್ನುವ ಆಸೆ. ಇಬ್ಬರಿಗೂ ಎರಡೆರಡು ಕಣ್ಣು. ಇಬ್ಬರೂ ಅವಳ ಕಡೆ ತಿರುಗಿ ‘ನಿನಗೆ ಬೇಕಾ?’ ಅಂತ ನೆಟ್ಟಗೆ ಕೇಳಲಿಲ್ಲ. ರೇಡಿಯೋದಲ್ಲಿ ಇದು ಬರೀ ಮೂರು ದನಿ. ರಂಗದ ಮೇಲಾದರೆ, ಪಕ್ಕದಲ್ಲೇ ಕೂತವಳ ಕಡೆ ಗಂಡ ಒಮ್ಮೆಯೂ ನೋಡದಿರುವುದನ್ನು ನಾವು ಎರಡು ಗಂಟೆ ಕೂತು ನೋಡಬೇಕು. ನನ್ನ ಉತ್ತರ ಇಷ್ಟೇ.

ಫ್ರ್ಯಾಂಕ್‌ನ ಮೇಕೆ ಕತೆ ಕತ್ತರಿಸುತ್ತೇನೆ ಅಂದೆ, ಖಂಡಿತ ಬೇಡ. ಅವನು ಸಾಕಿದ ಇರಾನಿನ ಮೇಕೆಗಳು ಐರ್ಲೆಂಡಿಗೆ ಬಂದ ಮೇಲೂ ಇರಾನಿನ ಗಂಟೆಯಲ್ಲೇ ಬದುಕುತ್ತವೆ. ನಕ್ಕು ಮುಗಿಸುವಷ್ಟರಲ್ಲಿ ಗೊತ್ತಾಗುತ್ತದೆ, ಅದು ಮೊಲ್ಲಿಯ ಕತೆ. ಆಪರೇಷನ್ ಆಗಿ ಕಣ್ಣಿನ ಕಟ್ಟು ಬಿಚ್ಚಿದಾಗ ಬೆಳಕು, ಬಣ್ಣ, ಚಲನೆ ಎಲ್ಲ ಬಂತು, ಯಾವುದು ಏನು ಅನ್ನುವುದು ಮಾತ್ರ ಬರಲಿಲ್ಲ.

ಈ ಪ್ರಶ್ನೆಯೂ ಡಬ್ಲಿನ್ನಿನದೇ. 1688ರಲ್ಲಿ ಅಲ್ಲಿಯ ವಿಲಿಯಂ ಮಾಲಿನ್ಯೂ, ತತ್ವಜ್ಞಾನಿ ಜಾನ್ ಲಾಕ್‌ಗೆ ಬರೆದಿದ್ದ: ಗೋಲ, ಘನ ಎರಡನ್ನೂ ಮುಟ್ಟಿ ಬಲ್ಲ ಹುಟ್ಟುಕುರುಡನಿಗೆ ದೃಷ್ಟಿ ಬಂದರೆ, ಮುಟ್ಟದೆ ಬರೀ ನೋಡಿ ಗುರುತಿಸುತ್ತಾನೆಯೇ? ಮಾಲಿನ್ಯೂನ ಹೆಂಡತಿಗೂ ಮದುವೆಯಾದ ಸ್ವಲ್ಪದರಲ್ಲೇ ಕಣ್ಣು ಹೋಗಿತ್ತು. ಇದಕ್ಕೆ ಪ್ರಯೋಗದ ಉತ್ತರ ಸಿಕ್ಕ ಒಂದು ಜಾಗ ನಮ್ಮ ದೆಹಲಿ. ಹುಟ್ಟುಕುರುಡು ಮಕ್ಕಳಿಗೆ ಚಿಕಿತ್ಸೆ ಕೊಡಿಸಿ ಅವರ ದೃಷ್ಟಿಯನ್ನು ಅಧ್ಯಯನ ಮಾಡುವ, ವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ 2011ರಲ್ಲಿ ಪ್ರಕಟಿಸಿದ್ದು: ಆಪರೇಷನ್ ಆದ ಎರಡು ದಿನದೊಳಗೆ ಐದು ಮಕ್ಕಳನ್ನು ಪರೀಕ್ಷಿಸಿದರು. ಮುಟ್ಟಿದ ವಸ್ತುವನ್ನು ಕಣ್ಣಿಂದ ಗುರುತಿಸಲು ಹೋದಾಗ ಹೆಚ್ಚುಕಡಿಮೆ ಊಹೆಯೇ. ಕೆಲವೇ ದಿನದಲ್ಲಿ ಸುಧಾರಿಸಿತು. ಆದರೆ ಅವರು ಮಕ್ಕಳು ಕಣೋ, ಮೊಲ್ಲಿಗೆ 41. ಅವಳು ಕೊನೆಗೆ ಸೇರುವುದು ಮಾನಸಿಕ ಆಸ್ಪತ್ರೆಗೆ, ಹಿಂದೆ ಅವಳಮ್ಮ ಇದ್ದ ಆಸ್ಪತ್ರೆಗೇ.

ಐರ್ಲೆಂಡಿನ ಇನ್ನೊಬ್ಬ ನಾಟಕಕಾರ ಸಿಂಜ್ 1905ರಲ್ಲೇ ಡಬ್ಲಿನ್‌ನ ಆಬಿ ಥಿಯೇಟರ್‌ಗೆ ಹೀಗೊಂದು ಕೊಟ್ಟಿದ್ದ, ‘ದ ವೆಲ್ ಆಫ್ ದ ಸೇಂಟ್ಸ್’. ಕುರುಡು ಭಿಕ್ಷುಕ ದಂಪತಿಗೆ ಪವಿತ್ರ ನೀರಿನಿಂದ ಕಣ್ಣು ಬರುತ್ತದೆ, ತಾವು ಸುಂದರರಲ್ಲ ಅಂತ ತಿಳಿಯುತ್ತದೆ, ಮತ್ತೆ ಕಣ್ಣು ಹೋಗುತ್ತದೆ. ಸಂತ ಎರಡನೇ ಸಲ ಬಂದಾಗ ಗಂಡ ಆ ನೀರನ್ನೇ ತಳ್ಳಿ ಚೆಲ್ಲುತ್ತಾನೆ. ಮೊಲ್ಲಿಗೆ ಆ ಅವಕಾಶವಿಲ್ಲ. ಆಪರೇಷನ್ನಿನ ಹಿಂದಿನ ರಾತ್ರಿ, ಮನೆ ತುಂಬ ಜನರಿರುವಾಗ, ಸಿಟ್ಟಿನಿಂದ ಕುಣಿಯುತ್ತಾಳೆ, ಅಷ್ಟೇ. ಯಾವುದಕ್ಕೂ ತಾಗದೆ, ಕೋಣೆಯಿಂದ ಕೋಣೆಗೆ. ಅದನ್ನು ಕುಣಿಸಿ ತೋರಿಸಬೇಡ, ಅವಳೇ ಹೇಳಲಿ.

ಇನ್ನೊಂದು, ಕಪ್ಪು ಕನ್ನಡಕ, ಕೋಲು, ತಡವರಿಕೆ ಯಾವುದೂ ಬೇಡ ಅಂತ ಫ್ರೀಲ್ ನಾಟಕದ ಮೊದಲಲ್ಲೇ ಬರೆದಿಟ್ಟಿದ್ದಾನೆ. ನಿನ್ನ ಪ್ರಾಪರ್ಟಿ ಪೆಟ್ಟಿಗೆಯ ಆ ಕನ್ನಡಕ ಅಲ್ಲೇ ಇರಲಿ. ಫ್ರ್ಯಾಂಕ್ ಪಾತ್ರ ನೀನೇ ಮಾಡು, ತಾಲೀಮು ಕೂಡ ಬೇಕಾಗಲ್ಲ.

ನಿನ್ನ,
ಜಗಳಗಂಟ